ಒಂದೇ ಕಿರ್ದಿ, ಹಲವು ಕಣ್ಣು

ಧಾನ್ಯದ ವ್ಯಾಪಾರದಲ್ಲಿ ತಕ್ಕಡಿಗಿಂತ ಮೊದಲು ಕೆಲಸ ಮಾಡುವುದು ಸುದ್ದಿ. ಮುಂಬಯಿಯಲ್ಲಿ ಹತ್ತಿಯ ಧಾರಣೆ ಏರಿದೆಯೇ, ಕಲಬುರಗಿಯ ಬೇಳೆ ಗಿರಣಿಗಳು ಈ ವಾರ ತೊಗರಿ ಕೊಳ್ಳುತ್ತಿವೆಯೇ ಎಂಬುದು ಯಾರಿಗೆ ಮೊದಲು ತಿಳಿಯುತ್ತದೋ ಆ ದಿನದ ಲಾಭ ಅವರದು. ಏನೂ ತಿಳಿಯದೆ ಚೀಲದ ಬಾಯಿ ಬಿಚ್ಚಿದವನು ಎದುರಿನವನು ಹೇಳಿದ ದರಕ್ಕೆ ತಲೆಯಾಡಿಸಬೇಕಾಗುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ಪೇಟೆಯ ನೂರೈವತ್ತು ವರ್ಷಗಳ ಇತಿಹಾಸವನ್ನು ಈ ದೃಷ್ಟಿಯಿಂದಲೂ ನೋಡಬಹುದು. ಅಂಗಡಿಯ ಮೂಲೆಯಲ್ಲಿ ಕುಳಿತ ಕಂಪ್ಯೂಟರು, ಅದರಿಂದ ಗೋಡೆಗುಂಟ ಹೊರಟು ಪಕ್ಕದ ಕೋಣೆಯ ಇನ್ನೊಂದು ಕಂಪ್ಯೂಟರನ್ನು ಸೇರುವ ತೆಳ್ಳನೆಯ ತಂತಿ ಆ ಇತಿಹಾಸದ ಇತ್ತೀಚಿನ ಅಧ್ಯಾಯ.

ಈ ಮೂರೂ ತಾಲ್ಲೂಕುಗಳು 2010ರವರೆಗೆ ಗುಲ್ಬರ್ಗ ಜಿಲ್ಲೆಯಲ್ಲಿದ್ದವು. ಆ ವರ್ಷ ಇವನ್ನೇ ಕೂಡಿಸಿ ಯಾದಗಿರಿ ಜಿಲ್ಲೆಯನ್ನು ರಚಿಸಲಾಯಿತು. ಮುಂದೆ ಗುರುಮಠಕಲ್, ವಡಗೇರಾ, ಹುಣಸಗಿ ಎಂಬ ಹೊಸ ತಾಲ್ಲೂಕುಗಳು ಇವುಗಳಿಂದಲೇ ಒಡೆದು ಬಂದವು. ಶಹಾಪುರ, ಸುರಪುರಗಳು ಕೃಷ್ಣೆ ಮತ್ತು ಭೀಮೆಯ ನಡುವಿನ ನೆಲ. ಜನರ ಬಾಯಲ್ಲಿ ಅದು ಸಗರನಾಡು. ಭೀಮೆಯ ಆಚೆಗೆ ಯಾದಗಿರಿ. ಮಳೆಯನ್ನು ನಂಬಿದ ಹೊಲಗಳಲ್ಲಿ ತೊಗರಿ, ಹೆಸರು, ಶೇಂಗಾ, ಹತ್ತಿ. ನಾರಾಯಣಪುರದ ಬಸವಸಾಗರ ಅಣೆಕಟ್ಟೆಯಿಂದ ಎಡದಂಡೆ ಕಾಲುವೆ ಹರಿದ ಮೇಲೆ ಸುರಪುರ, ಶಹಾಪುರದ ಕಡೆ ಭತ್ತವೂ ಸೇರಿಕೊಂಡಿತು. ಹೀಗೆ ಒಂದೇ ಸೀಮೆಯಲ್ಲಿ ಎರಡು ಬಗೆಯ ಬೆಳೆ, ಎರಡು ಬಗೆಯ ಮಾರಾಟ. ಈ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ.

ರೈಲಿನ ಜೊತೆ ಬಂದ ತಂತಿ

ಸುರಪುರ ನಾಯಕ ಅರಸರ ರಾಜಧಾನಿಯಾಗಿತ್ತು. ಅಧಿಕಾರ, ದರ್ಬಾರು, ಕಂದಾಯದ ಲೆಕ್ಕ ಎಲ್ಲವೂ ಅಲ್ಲಿಯವು. ಆದರೆ 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆ ರಾಯಚೂರಿನಲ್ಲಿ ಕೂಡಿದಾಗ, ಹಳಿ ಹಾದುಹೋದದ್ದು ಯಾದಗಿರಿಯ ಮೇಲೆ. ಶಹಾಪುರವೂ ಸುರಪುರವೂ ಹಳಿಯಿಂದ ದೂರ ಉಳಿದವು. ಮುಂಬಯಿಗೂ ಮದರಾಸಿಗೂ ಮುಖಮಾಡಿದ ನಿಲ್ದಾಣ ಯಾದಗಿರಿಗೆ ದಕ್ಕಿತು.

ರೈಲಿನ ಹಳಿ ಎಲ್ಲಿಗೆ ಹೋಯಿತೋ ಅಲ್ಲಿಗೆ ತಂತಿಯೂ ಹೋಯಿತು. ಗಾಡಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ನಡೆಸಲು ನಿಲ್ದಾಣ ನಿಲ್ದಾಣಗಳ ನಡುವೆ ಟೆಲಿಗ್ರಾಫ್ ಬೇಕೇ ಬೇಕಾಗಿತ್ತು. ಭಾರತದಲ್ಲಿ 1855ರಿಂದ ಸಾರ್ವಜನಿಕರಿಗೂ ತಂತಿ ಸಂದೇಶದ ಸೌಲಭ್ಯ ತೆರೆದಿತ್ತು. ದೊಡ್ಡ ಪೇಟೆಯ ಧಾರಣೆ ಕೆಲವೇ ಗಂಟೆಗಳಲ್ಲಿ ದೂರದ ಊರನ್ನು ತಲುಪುವಂತಾಯಿತು. ಆದರೆ ಆ ಸುದ್ದಿ ತಲುಪುತ್ತಿದ್ದುದು ತಂತಿಗೆ ಹಣ ಕೊಡಬಲ್ಲ ವ್ಯಾಪಾರಿಗೆ. ಭೀಮೆಯನ್ನು ದಾಟಿ ಬಂಡಿಯಲ್ಲಿ ಮಾಲು ತಂದ ರೈತನಿಗೆ ಅದು ವ್ಯಾಪಾರಿಯ ಮುಖದಲ್ಲಿ ಓದಿಕೊಳ್ಳಬೇಕಾದ ವಿಷಯವಾಗಿತ್ತು. ತಂತಿ ಊರಿಗೆ ಬಂದರೂ ಎಲ್ಲರ ಪಾಲಿಗೆ ಬರಲಿಲ್ಲ.

ಆ ಕಾಲದ ಚೌಕಾಸಿಯ ರೀತಿಯೂ ಹಾಗೆಯೇ ಇತ್ತು. ಭಾರತದ ಅನೇಕ ಪೇಟೆಗಳಲ್ಲಿ ದಲಾಲ ಮತ್ತು ಖರೀದಿದಾರ ಒಂದು ವಸ್ತ್ರದ ಕೆಳಗೆ ಕೈಹಿಡಿದು, ಬೆರಳು ಒತ್ತಿ ದರ ಕುದುರಿಸುತ್ತಿದ್ದರು. ಯಾವ ಬೆರಳಿಗೆ ಎಷ್ಟು ರೂಪಾಯಿ ಎಂಬುದು ಅವರಿಬ್ಬರಿಗೆ ಗೊತ್ತು. ಮಾಲಿನ ಒಡೆಯ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಗೊತ್ತಿಲ್ಲ. ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ 1928ರಲ್ಲಿ ನೀಡಿದ ವರದಿಯಲ್ಲಿ ಪೇಟೆಗಳ ಇಂತಹ ಅವ್ಯವಸ್ಥೆಯನ್ನು ಎತ್ತಿ ತೋರಿಸಿ, ನಿಯಂತ್ರಿತ ಮಾರುಕಟ್ಟೆಗಳನ್ನು ಸ್ಥಾಪಿಸಬೇಕೆಂದು ಶಿಫಾರಸು ಮಾಡಿತು. ಆಗ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ 1930ರಲ್ಲೇ ಕೃಷಿ ಮಾರುಕಟ್ಟೆ ಕಾನೂನು ಬಂತು. 1956ರಲ್ಲಿ ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1966ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಮಾರುಕಟ್ಟೆ ಕಾಯಿದೆ ರೂಪುಗೊಂಡಿತು. ಇಂದು ಎಪಿಎಂಸಿ ಎಂದು ಕರೆಯುವ ಸಮಿತಿಗಳು ನಡೆಯುತ್ತಿರುವುದು ಈ ಕಾಯಿದೆಯ ನೆರಳಿನಲ್ಲಿ.

ವಸ್ತ್ರದ ಅಡಿಯ ವ್ಯಾಪಾರ ಹೋಗಿ ಬಹಿರಂಗ ಸವಾಲು, ಮುಚ್ಚಿದ ಟೆಂಡರು ಬಂದವು. ಟೆಂಡರಿನಲ್ಲಿ ಖರೀದಿದಾರ ರಾಶಿ ರಾಶಿಗೆ ಹೋಗಿ ಕಾಳನ್ನು ಅಂಗೈಯಲ್ಲಿ ಹಿಡಿದು ನೋಡಿ, ತನ್ನ ದರವನ್ನು ಚೀಟಿಯಲ್ಲಿ ಬರೆದು ಹಾಕುತ್ತಾನೆ. ನಂತರ ಗುಮಾಸ್ತರು ಚೀಟಿಗಳನ್ನು ತೆಗೆದು, ಒಂದೊಂದು ರಾಶಿಗೂ ಹೆಚ್ಚಿನ ದರ ಯಾರದೆಂದು ಹುಡುಕಿ ಬರೆಯುತ್ತಾರೆ. ವಸ್ತ್ರದ ಅಡಿಯ ಕೈಗಿಂತ ಇದು ಎಷ್ಟೋ ಮೇಲು. ಆದರೆ ಸುಗ್ಗಿಯ ದಿನ ನೂರಾರು ರಾಶಿ ಬಂದಾಗ ಚೀಟಿಗಳನ್ನು ಹೊಂದಿಸುವುದೇ ಗಂಟೆಗಟ್ಟಲೆ ಕೆಲಸ. ಒಂದು ಅಂಕಿ ಏಳೋ ಒಂದೋ ಎಂಬ ಜಗಳ, ತಡವಾಗಿ ಬಂದ ಚೀಟಿಯ ತಕರಾರು, ಕೊನೆಗೆ ಚೀಟಿ ಹಿಡಿದ ಕೈಯ ಮೇಲೆಯೇ ನಂಬಿಕೆ. ಬಟ್ಟೆ ಸರಿದರೂ ಲೆಕ್ಕದ ಪುಸ್ತಕ ಒಬ್ಬನ ಕೈಯಲ್ಲೇ ಉಳಿಯಿತು.

ಧೂಳಿಗೂ ಬಿಸಿಲಿಗೂ ಅಂಜದ ಎಕ್ಸ್‌ಚೇಂಜು

ತಂತಿಯ ನಂತರ ದೂರವಾಣಿ. ಬಹುಕಾಲ ಇದು ಸಣ್ಣ ಊರುಗಳ ಪಾಲಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವ ವ್ಯವಸ್ಥೆಯಾಗಿತ್ತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಗ್ರಾಮೀಣ ಭಾರತಕ್ಕೆಂದೇ 128 ಸಂಪರ್ಕಗಳ ಪುಟ್ಟ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ರೂಪಿಸಿತು. ಅದರ ವಿಶೇಷವೆಂದರೆ ಹವಾನಿಯಂತ್ರಿತ ಕೋಣೆಯ ಹಂಗಿಲ್ಲದೆ ಬಿಸಿಲು, ಧೂಳಿನಲ್ಲಿ ನಡೆಯುವುದು. ಅದರ ಮೊದಲ ಎಕ್ಸ್‌ಚೇಂಜನ್ನು 1986ರಲ್ಲಿ ಅಳವಡಿಸಿದ್ದು ನಮ್ಮ ಕಿತ್ತೂರಿನಲ್ಲಿ ಎಂಬುದು ಗಮನಾರ್ಹ. ಅಲ್ಲಿಂದ ಮುಂದೆ ಎಸ್‌ಟಿಡಿ ಬೂತುಗಳು ಊರೂರಿಗೆ ಬಂದವು. ಮುಂಬಯಿಯ ದರ ಈಗ ಹಣವಂತ ವ್ಯಾಪಾರಿಯೊಬ್ಬನ ಗುಟ್ಟಾಗಿ ಉಳಿಯಲಿಲ್ಲ.

ಆದರೂ ಫೋನು ತರುವುದು ಮಾತನ್ನು. ಮಾತು ಗಾಳಿಯಲ್ಲಿ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ವ್ಯಾಪಾರದ ಅಂತಿಮ ಸಾಕ್ಷಿ ಕಿರ್ದಿ ಮತ್ತು ಖಾತೆ ಪುಸ್ತಕ. ಅವು ಮುನೀಮನ ಮೇಜಿನ ಮೇಲೆ ಒಂದೊಂದೇ ಪ್ರತಿ ಇದ್ದವು. ಗೋದಾಮಿನಲ್ಲಿ ತೂಕ ಮಾಡುವವನು ಒಂದು ಚೀಟಿ ಬರೆದರೆ, ಗಾದಿಯ ಮೇಲೆ ಕುಳಿತವನು ಇನ್ನೊಂದು ಬರೆಯುತ್ತಿದ್ದ. ಎರಡೂ ಹೊಂದಿದವೇ ಎಂದು ತಿಳಿಯುವುದು ಸಂಜೆಗೆ. ಒಂದೇ ಕಿರ್ದಿಯನ್ನು ಏಕಕಾಲಕ್ಕೆ ಹಲವರು ನೋಡುವಂತಾಗಲು ಬೇರೊಂದು ಬಗೆಯ ತಂತಿ ಬೇಕಾಗಿತ್ತು.

ಕಟ್ಟೆಯ ಮಾತಿನ ನಿಯಮ

ಆ ತಂತಿ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಮೇಜಿಗೊಂದರಂತೆ ಕಂಪ್ಯೂಟರು ಇಡುವ ಪ್ರಯೋಗ ನಡೆದಿತ್ತು. ಅವೆಲ್ಲವೂ ಒಂದೇ ದುಬಾರಿ ಲೇಸರ್ ಮುದ್ರಕವನ್ನು ಬಳಸಬೇಕು, ತಮ್ಮೊಳಗೆ ಕಡತ ಹಂಚಿಕೊಳ್ಳಬೇಕು. ಇದಕ್ಕೊಂದು ಉಪಾಯವನ್ನು ರಾಬರ್ಟ್ ಮೆಟ್‌ಕಾಫ್ 1973ರ ಮೇ ತಿಂಗಳ ಒಂದು ಟಿಪ್ಪಣಿಯಲ್ಲಿ ಬರೆದರು. ಡೇವಿಡ್ ಬಾಗ್ಸ್ ಜೊತೆಗೂಡಿ ಅದನ್ನು ಕಟ್ಟಿದರು. ಬೆಳಕು ಚಲಿಸಲು ಜಗತ್ತನ್ನೆಲ್ಲ ತುಂಬಿದ ಈಥರ್ ಎಂಬ ಮಾಧ್ಯಮವಿದೆಯೆಂದು 19ನೇ ಶತಮಾನದ ವಿಜ್ಞಾನಿಗಳು ಭಾವಿಸಿದ್ದರು. ಆ ಹೆಸರನ್ನೇ ಎರವಲು ಪಡೆದು ಇದನ್ನು ಈಥರ್‌ನೆಟ್ ಎಂದು ಕರೆಯಲಾಯಿತು. ಮೊದಲಿನದರ ವೇಗ ಸೆಕೆಂಡಿಗೆ 2.94 ಮೆಗಾಬಿಟ್. 1980ರ ವೇಳೆಗೆ ಅದು 10 ಮೆಗಾಬಿಟ್‌ಗೆ ಏರಿತು. 1983ರಲ್ಲಿ ಅಂತರರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆ ಅದನ್ನು ಮಾನಕವಾಗಿ ಒಪ್ಪಿತು.

ಅದರ ಮೂಲ ನಿಯಮವನ್ನು ತಿಳಿಯಲು ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ನೆನೆದರೆ ಸಾಕು. ಮಾತಾಡುವ ಮುನ್ನ ಕಿವಿಗೊಡಬೇಕು. ಬೇರಾರೂ ಮಾತಾಡುತ್ತಿಲ್ಲವಾದರೆ ಆರಂಭಿಸಬಹುದು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸಬೇಕು. ಒಬ್ಬೊಬ್ಬರೂ ಬೇರೆ ಬೇರೆ ಹೊತ್ತು ತಡೆದು ಮತ್ತೆ ಆರಂಭಿಸಬೇಕು. ಯಜಮಾನನೊಬ್ಬ ಸರದಿ ಹೇಳಬೇಕಾದ ಅಗತ್ಯವಿಲ್ಲ. ಪ್ರತಿ ಮಾತಿನ ಮೇಲೂ ಅದು ಯಾರಿಂದ ಯಾರಿಗೆ ಎಂಬ ವಿಳಾಸ ಇರುವುದರಿಂದ, ತನಗೆ ಸಂಬಂಧಪಡದ್ದನ್ನು ಉಳಿದ ಕಂಪ್ಯೂಟರುಗಳು ಕೈಬಿಡುತ್ತವೆ.

ಹೀಗೆ ಒಂದು ಕಟ್ಟಡ ಅಥವಾ ಒಂದು ಆವರಣದೊಳಗಿನ ಕಂಪ್ಯೂಟರುಗಳನ್ನು ಜೋಡಿಸಿದ ಜಾಲಕ್ಕೆ ಸ್ಥಳೀಯ ಜಾಲ ಅಥವಾ ಲ್ಯಾನ್ ಎಂದು ಹೆಸರು. ಆರಂಭದ ಲ್ಯಾನ್‌ಗಳಲ್ಲಿ ಟಿವಿ ಕೇಬಲಿನಂತಹ ಒಂದೇ ತಂತಿ ಎಲ್ಲ ಕಂಪ್ಯೂಟರುಗಳನ್ನು ಸಾಲಾಗಿ ಹಾದುಹೋಗುತ್ತಿತ್ತು. ತೆಳುವಾದ ಬಗೆಯದು 185 ಮೀಟರಿನವರೆಗೆ ನಡೆಯುತ್ತಿತ್ತು. ನಡುವೆ ಎಲ್ಲೋ ಒಂದು ಜೋಡಣೆ ಸಡಿಲವಾದರೆ ಇಡೀ ಸಾಲು ಮೌನವಾಗುತ್ತಿತ್ತು. 1990ರ ನಂತರ ದೂರವಾಣಿ ತಂತಿಯಂತೆ ಎರಡೆರಡು ಎಳೆಗಳನ್ನು ಹೆಣೆದ ತಂತಿ ಬಳಕೆಗೆ ಬಂತು. ಹೆಣೆದ ಎಳೆಗಳಲ್ಲಿ ಹೊರಗಿನ ವಿದ್ಯುತ್ ಗದ್ದಲ ಒಂದನ್ನೊಂದು ಕಳೆದುಹಾಕುತ್ತದೆ. ಪ್ರತಿ ಕಂಪ್ಯೂಟರಿನಿಂದ ಪ್ರತ್ಯೇಕ ತಂತಿ ಹೊರಟು ನಡುವಿನ ಒಂದು ಪೆಟ್ಟಿಗೆಯನ್ನು ಸೇರುತ್ತದೆ. 100 ಮೀಟರಿನ ಮಿತಿ. ಒಂದು ತಂತಿ ತುಂಡಾದರೆ ಆ ಒಂದು ಕಂಪ್ಯೂಟರು ಮಾತ್ರ ಹೊರಗುಳಿಯುತ್ತದೆ. ಸ್ವಿಚ್ ಎಂಬ ಈಗಿನ ಪೆಟ್ಟಿಗೆ ಯಾರ ಮಾತು ಯಾರಿಗೋ ಅವರಿಗಷ್ಟೇ ತಲುಪಿಸುವುದರಿಂದ ಡಿಕ್ಕಿಯ ಪ್ರಶ್ನೆಯೂ ಬಹುಮಟ್ಟಿಗೆ ಇಲ್ಲವಾಗಿದೆ. ಸಣ್ಣ ವ್ಯಾಪಾರದ ಮನೆಗೂ ಜಾಲ ನಿಲುಕುವಂತಾದದ್ದು ಈ ಅಗ್ಗದ ತಂತಿಯಿಂದ.

ಬ್ಯಾಂಕು, ಪಹಣಿ, ಅಂಗಡಿ

ನಮ್ಮಲ್ಲಿ ಕಂಪ್ಯೂಟರು ಮೊದಲು ವಿವಾದವಾಗಿ ಬಂತು. ಬ್ಯಾಂಕುಗಳ ಯಾಂತ್ರೀಕರಣದ ಬಗ್ಗೆ ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ನೌಕರಿ ಹೋದೀತೆಂಬ ಭಯದಿಂದ ನೌಕರರ ಸಂಘಗಳು ಎಚ್ಚರಿಕೆಯ ಒಪ್ಪಂದಗಳ ಮೂಲಕವೇ ಅದನ್ನು ಒಳಗೆ ಬಿಟ್ಟವು. 1990ರ ದಶಕದಲ್ಲಿ ಶಾಖೆಯೊಳಗೆ ಒಂದು ಮುಖ್ಯ ಕಂಪ್ಯೂಟರು, ಕೌಂಟರಿಗೊಂದು ತೆರೆ ಎಂಬ ಏರ್ಪಾಡು ಹರಡಿತು. ಅದು ಅಪ್ಪಟ ಸ್ಥಳೀಯ ಜಾಲ. ಗ್ರಾಹಕನ ಖಾತೆ ಆ ಶಾಖೆಯ ಗೋಡೆಗಳ ಆಚೆ ಇರಲಿಲ್ಲ. ಬೇರೆ ಊರಿನ ಶಾಖೆಗೆ ಹೋದರೆ ಅವನು ಅಪರಿಚಿತ. ಶಾಖೆ ಶಾಖೆಗಳನ್ನೆಲ್ಲ ಒಂದೇ ಲೆಕ್ಕಕ್ಕೆ ತಂದ ಕೋರ್ ಬ್ಯಾಂಕಿಂಗ್ ಬಂದದ್ದು ಮುಂದಿನ ದಶಕದಲ್ಲಿ.

ಈ ಮೂರು ಊರುಗಳ ಬಹುಪಾಲು ರೈತರು ಕಂಪ್ಯೂಟರನ್ನು ಹತ್ತಿರದಿಂದ ಕಂಡದ್ದು ಬಹುಶಃ ಪಹಣಿಯ ಕಿಟಕಿಯಲ್ಲಿ. 2000ದಿಂದ 2002ರ ನಡುವೆ ಭೂಮಿ ಯೋಜನೆ ರಾಜ್ಯದಲ್ಲಿ ಆಗ ಇದ್ದ 177 ತಾಲ್ಲೂಕುಗಳನ್ನೂ ತಲುಪಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ತಾಲ್ಲೂಕು ಕಚೇರಿಯ ಕಂಪ್ಯೂಟರುಗಳಿಗೆ ಸೇರಿದವು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಅದಕ್ಕಿಂತ ದೊಡ್ಡ ಬದಲಾವಣೆ ಎರಡು. ತಿದ್ದುಪಡಿ ಮಾಡುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಾಯಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಸಾಗಬೇಕಾಯಿತು. ಅದುವರೆಗೆ ಪುಸ್ತಕ ಗ್ರಾಮಲೆಕ್ಕಿಗರ ಕಂಕುಳಲ್ಲಿ ಇರುತ್ತಿತ್ತು. ಯಾರ ಹೆಸರು ಯಾವಾಗ ಬರೆಯಬೇಕೆಂಬುದು ಒಬ್ಬನ ಮರ್ಜಿಗೆ ಬಿಟ್ಟಿತ್ತು. ಕಂಪ್ಯೂಟರಿನ ವೇಗ ಆ ಮರ್ಜಿಯನ್ನು ಮುರಿಯಲಿಲ್ಲ. ಬರೆಯುವವನ ಗುರುತು ಮತ್ತು ಸರದಿಯ ನಿಯಮ ಅದನ್ನು ಮುರಿದವು. ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳು ಹೊಸ ದಾಖಲೆಗೂ ಬಂದು, ಅವನ್ನು ತಿದ್ದಿಸಲು ರೈತರು ಓಡಾಡಬೇಕಾದದ್ದೂ ಅಷ್ಟೇ ನಿಜ.

ವ್ಯಾಪಾರದ ಮನೆಗಳಿಗೆ ಬೇರೊಂದು ದಾರಿಯಿಂದ ಕಂಪ್ಯೂಟರು ಬಂತು. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದ ಸಂಸ್ಥೆಯಿಂದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಹುಟ್ಟಿತು. ಖಾತೆಗಳಿಗೆ ಸಂಕೇತ ಸಂಖ್ಯೆ ಕೊಟ್ಟು ನೆನಪಿಡುವ ಕಷ್ಟವನ್ನು ತಪ್ಪಿಸಿ, ಖಾತೆದಾರನ ಹೆಸರಿನಿಂದಲೇ ಲೆಕ್ಕ ಬರೆಯುವಂತೆ ಅದು ಮಾಡಿತು. ಕಿರ್ದಿ ಬರೆದು ಗೊತ್ತಿದ್ದ ಮುನೀಮನಿಗೆ ಅದು ತೀರ ಅಪರಿಚಿತವೆನಿಸಲಿಲ್ಲ. ಒಂದು ಕಂಪ್ಯೂಟರಿನಲ್ಲಿ ಆರಂಭವಾದ ಲೆಕ್ಕ, ವ್ಯಾಪಾರ ಬೆಳೆದಂತೆ ಎರಡು ಮೂರಕ್ಕೆ ಹಂಚಿಕೊಳ್ಳಬೇಕಾಯಿತು. ತೆರಿಗೆಯ ಕಾನೂನೂ ಅದೇ ಕಡೆ ನೂಕಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಇ-ವೇ ಬಿಲ್ಲನ್ನು ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕವಾಯಿತು. ತೆರಿಗೆಗೆ ಒಳಪಡುವ ಸರಕಿನ ಲಾರಿ ಹೊರಡಬೇಕಾದರೆ ಮೊದಲು ಕಂಪ್ಯೂಟರಿನಲ್ಲಿ ಬಿಲ್ಲು ಹುಟ್ಟಬೇಕು.

ಅಡತಿ ಅಂಗಡಿಯ ಜಾಲ

ಗಂಜ್ ಪ್ರದೇಶದ ಅಡತಿ ಅಂಗಡಿಯೊಂದರಲ್ಲಿ ಜಾಲ ಹಾಕಬೇಕಾದರೆ ಏನೇನು ಬೇಕು? ಸಾಮಾನು ಹೆಚ್ಚೇನಿಲ್ಲ. ಲೆಕ್ಕವನ್ನು ಇಟ್ಟುಕೊಳ್ಳುವ ಸರ್ವರ್ ಒಂದು, ಬಿಲ್ಲು ಬರೆಯುವಲ್ಲಿ ಒಂದು ಕಂಪ್ಯೂಟರು, ಗೋದಾಮಿನ ತೂಕದ ಯಂತ್ರದ ಬಳಿ ಇನ್ನೊಂದು, ನಡುವೆ ಸ್ವಿಚ್, ಹೆಣೆದ ತಂತಿ. ಆದರೆ ಈ ಸೀಮೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ತೊಗರಿಯ ಹೊಟ್ಟು, ಹತ್ತಿಯ ಎಳೆ ಕಂಪ್ಯೂಟರಿನ ಒಳಗಿನ ಫ್ಯಾನಿಗೆ ಸುತ್ತಿಕೊಂಡು ಬಿಸಿ ಹೊರಹೋಗದಂತೆ ಮಾಡುತ್ತವೆ. ಧಾನ್ಯವಿದ್ದಲ್ಲಿ ಇಲಿ, ಇಲಿಗೆ ತಂತಿಯ ಹೊದಿಕೆಯೂ ಆಹಾರದಂತೆಯೇ ಕಾಣುತ್ತದೆ. ಆದ್ದರಿಂದ ತಂತಿಯನ್ನು ಕೊಳವೆಯಲ್ಲಿ ಹಾಯಿಸಬೇಕು, ಸರ್ವರನ್ನು ಗೋದಾಮಿನಿಂದ ದೂರದ ಕೋಣೆಯಲ್ಲಿ ಇಡಬೇಕು. ಕರೆಂಟು ಹೋದಾಗ ಅರ್ಧ ಬರೆದ ಲೆಕ್ಕ ಕೆಡದಂತೆ ಯುಪಿಎಸ್ ಬೇಕು. ಸಿಡಿಲಿನಿಂದ ಕಾಯಲು ಒಳ್ಳೆಯ ಅರ್ಥಿಂಗ್ ಬೇಕು. ವಿದ್ಯುತ್ತಿನ ದಪ್ಪ ತಂತಿಯನ್ನೂ ಜಾಲದ ತಂತಿಯನ್ನೂ ಒಂದೇ ಕೊಳವೆಯಲ್ಲಿ ಹಾಕಬಾರದು.

ಇವೆಲ್ಲ ಒಬ್ಬ ಕುಶಲ ಕೆಲಸಗಾರ ಒಂದೆರಡು ದಿನದಲ್ಲಿ ಮುಗಿಸುವ ಕೆಲಸ. ಕಷ್ಟದ ಪ್ರಶ್ನೆಗೆ ಮಾತ್ರ ಅಂಗಡಿಯ ಯಜಮಾನನೇ ಉತ್ತರಿಸಬೇಕು: ಯಾರು ಬರೆಯಬಹುದು, ಯಾರು ನೋಡಬಹುದು, ಯಾರು ತಿದ್ದಬಹುದು? ತೂಕ ಮಾಡುವವನು ತೂಕವನ್ನಷ್ಟೇ ದಾಖಲಿಸಬೇಕು. ದರ ಅವನ ಕೈಗೆ ಸಿಗಬಾರದು. ಬಿಲ್ಲು ಬರೆಯುವವನು ತೂಕವನ್ನು ಬದಲಾಯಿಸಬಾರದು. ಒಮ್ಮೆ ಬರೆದ ಬಿಲ್ಲನ್ನು ಅಳಿಸುವ ಬದಲು ಇನ್ನೊಂದು ಜಮಾ-ಖರ್ಚಿನಿಂದ ಸರಿಪಡಿಸಬೇಕು. ಪ್ರತಿಯೊಬ್ಬನಿಗೂ ತನ್ನದೇ ಗುಪ್ತಪದ. ಎಲ್ಲರೂ ಒಂದೇ ಗುಪ್ತಪದವನ್ನು ಬಳಸುವ ಅಂಗಡಿಯಲ್ಲಿ ಜಾಲವಿದ್ದೂ ಹಳೆಯ ಪುಸ್ತಕಕ್ಕಿಂತ ಕಡೆ. ಪುಸ್ತಕದಲ್ಲಾದರೆ ಕೈಬರಹದ ಗುರುತಾದರೂ ಸಿಗುತ್ತಿತ್ತು. ದಿನದ ಲೆಕ್ಕದ ಇನ್ನೊಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿ ಇಡುವುದೂ ಅಷ್ಟೇ ಅಗತ್ಯ. ಬೆಂಕಿಗೆ ಕಾಗದ, ಕಂಪ್ಯೂಟರು ಎಂಬ ಭೇದವಿಲ್ಲ.

ಪ್ರಾಂಗಣದಿಂದ ರಾಜ್ಯಕ್ಕೆ

ಅಂಗಡಿಗೆ ಹೊಂದುವ ಈ ವಿಚಾರವೇ ಮಾರುಕಟ್ಟೆ ಪ್ರಾಂಗಣಕ್ಕೂ ಹೊಂದುತ್ತದೆ. ರಾಜ್ಯದ ಕೆಲವು ಎಪಿಎಂಸಿಗಳಲ್ಲಿ ಚೀಟಿಯ ಟೆಂಡರಿನ ಬದಲು ಇ-ಟೆಂಡರು ಮೊದಲು ಬಂದಾಗ ಅದು ಆಯಾ ಪ್ರಾಂಗಣದ ಮಟ್ಟಿಗೆ ಸೀಮಿತವಾಗಿತ್ತು. ಖರೀದಿದಾರ ಆ ಪ್ರಾಂಗಣಕ್ಕೇ ಬಂದು ಅಲ್ಲಿನ ಕಂಪ್ಯೂಟರಿನಲ್ಲಿ ದರ ನಮೂದಿಸುತ್ತಿದ್ದ. 2014ರಲ್ಲಿ ರಾಜ್ಯ ಸರ್ಕಾರವೂ ಎನ್‌ಸಿಡಿಇಎಕ್ಸ್ ಸಮೂಹದ ಸ್ಪಾಟ್ ಎಕ್ಸ್‌ಚೇಂಜೂ ಸಮಪಾಲಿನಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಕಂಪನಿಯನ್ನು ಸ್ಥಾಪಿಸಿದವು. ಅದರ ಮೂಲಕ ಬಿಡಿಬಿಡಿ ಪ್ರಾಂಗಣಗಳನ್ನು ಏಕೀಕೃತ ಮಾರುಕಟ್ಟೆ ವೇದಿಕೆಗೆ ಜೋಡಿಸುವ ಕೆಲಸ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ 160ಕ್ಕೂ ಹೆಚ್ಚು ಮಾರುಕಟ್ಟೆಗಳು ಅದರೊಳಗೆ ಬಂದವು. 2016ರ ಏಪ್ರಿಲ್ 14ರಂದು ಆರಂಭವಾದ ಕೇಂದ್ರದ ಇ-ನಾಮ್ ಯೋಜನೆಗೆ ಕರ್ನಾಟಕದ ಈ ಅನುಭವ ಮುಂಚಿನ ಮೇಲ್ಪಂಕ್ತಿ.

ಅದರ ಕ್ರಮ ಹೀಗಿದೆ. ಮಾಲು ಪ್ರಾಂಗಣದ ಬಾಗಿಲಿಗೆ ಬಂದಾಗಲೇ ರೈತನ ಹೆಸರು, ಬೆಳೆ, ಅಂದಾಜು ಪ್ರಮಾಣ ದಾಖಲಾಗುತ್ತದೆ. ಅಡತಿ ಅಂಗಡಿಯ ಮುಂದೆ ರಾಶಿ ಹಾಕಿದ ಮೇಲೆ ಅದಕ್ಕೊಂದು ಸಂಖ್ಯೆ ಬರುತ್ತದೆ. ಪರವಾನಗಿ ಹೊಂದಿದ ಖರೀದಿದಾರರು ರಾಶಿಯನ್ನು ನೋಡಿ ನಿಗದಿತ ಸಮಯದೊಳಗೆ ಆ ಸಂಖ್ಯೆಯ ಮುಂದೆ ದರ ನಮೂದಿಸುತ್ತಾರೆ. ಒಬ್ಬನ ದರ ಇನ್ನೊಬ್ಬನಿಗೆ ಕಾಣುವುದಿಲ್ಲ. ಸಮಯ ಮುಗಿದೊಡನೆ ಹೆಚ್ಚಿನ ದರ ತಾನಾಗಿ ಹೊರಬೀಳುತ್ತದೆ. ಅದು ಮೊಬೈಲಿನ ಸಂದೇಶವಾಗಿ ರೈತನಿಗೂ ಹೋಗುತ್ತದೆ. ಒಪ್ಪಿಗೆಯಾಗದಿದ್ದರೆ ಬೇಡ ಎನ್ನುವ ಹಕ್ಕು ರೈತನಿಗಿದೆ. ಒಪ್ಪಿದರೆ ತೂಕ, ಬಿಲ್ಲು, ಹಣ. ಗಂಟೆಗಟ್ಟಲೆ ಚೀಟಿ ಹೊಂದಿಸುತ್ತಿದ್ದ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ತಡವಾದ ಚೀಟಿಯ ತಕರಾರಿಗೆ ಜಾಗವಿಲ್ಲ.

ಬೆಲೆ ಏರಿತೇ?

ಇದರಿಂದ ರೈತನಿಗೆ ಏನು ಸಿಕ್ಕಿತು ಎಂಬುದು ಸಹಜವಾದ ಪ್ರಶ್ನೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರಿಶೀಲಿಸಿತು. ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೌಮ್ಯ ಸಿಂಘ್ವಿ, ಯಾನ್‌ಚಾಂಗ್ ಝೆಂಗ್ ಅದರ ಲೇಖಕರು. ಇವರಲ್ಲಿ ಮನೋಜ್ ರಾಜನ್ ವೇದಿಕೆಯನ್ನು ನಡೆಸುವ ಕಂಪನಿಯಲ್ಲೇ ಇದ್ದವರು. 2019ರ ನವೆಂಬರಿನವರೆಗೆ ಈ ವೇದಿಕೆಯಲ್ಲಿ 6.28 ಕೋಟಿ ಟನ್ ಸರಕು ವ್ಯಾಪಾರವಾಗಿತ್ತು. ವೇದಿಕೆಯಿಂದಾಗಿ ಭತ್ತದ ದರ ಸರಾಸರಿ ಶೇ 5.1, ಶೇಂಗಾದ್ದು ಶೇ 3.6, ಮೆಕ್ಕೆಜೋಳದ್ದು ಶೇ 3.5ರಷ್ಟು ಹೆಚ್ಚಿತೆಂದು ಲೆಕ್ಕ ತೋರಿಸಿತು. ಆದರೆ ತೊಗರಿ, ಹೆಸರು ಮತ್ತು ಹತ್ತಿಯಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ.

ಇದು ಇಡೀ ರಾಜ್ಯದ ಸರಾಸರಿ ಲೆಕ್ಕ, ಈ ಮೂರು ಊರುಗಳದ್ದಷ್ಟೇ ಅಲ್ಲ. ಆದರೂ ಪಟ್ಟಿಯನ್ನು ಓದಿದಾಗ ಈ ಸೀಮೆಯ ನಕ್ಷೆ ಕಣ್ಣ ಮುಂದೆ ಬರುತ್ತದೆ. ಲಾಭ ಕಂಡ ಭತ್ತ ಕಾಲುವೆಯ ನೀರಿನ ಬೆಳೆ. ಬೆಲೆ ಅಲುಗದ ತೊಗರಿ, ಹೆಸರು, ಹತ್ತಿ ಮಳೆಯನ್ನು ನಂಬಿದ ಹೊಲದ ಬೆಳೆಗಳು. ಮಳೆಯ ನೆಚ್ಚಿಗೆಯ ಬೆಳೆಗಳಲ್ಲಿ ಶೇಂಗಾ ಒಂದು ಮಾತ್ರ ಲಾಭದ ಸಾಲಿನಲ್ಲಿದೆ.

ಅಧ್ಯಯನಕಾರರು ಬೆಲೆ ಏರಲು ಅನುಕೂಲವಾಗುವ ಅಂಶಗಳೆಂದು ಮೂರರ ಕಡೆ ಗಮನ ಸೆಳೆದರು: ಮಾರುಕಟ್ಟೆಯೊಳಗೆ ಕೊಳ್ಳುವ ಶಕ್ತಿ ಕೆಲವರ ಕೈಯಲ್ಲೇ ಸೇರಿರದಿರುವುದು, ಬೇರೆ ಮಾರುಕಟ್ಟೆಯ ಖರೀದಿದಾರರೂ ದರ ಕೂಗುವ ಸಾಧ್ಯತೆ, ಮತ್ತು ಮಾಲಿನ ಗುಣಮಟ್ಟ. ಮೂರೂ ತಂತಿಯ ಆಚೆಗಿನ ವಿಷಯಗಳು. ಪ್ರಾಂಗಣದಲ್ಲಿ ಕೊಳ್ಳುವವರು ನಾಲ್ಕೇ ಮಂದಿ ಇದ್ದರೆ ಅವರು ಚೀಟಿಯಲ್ಲಿ ಬರೆದರೂ ಕಂಪ್ಯೂಟರಿನಲ್ಲಿ ಬರೆದರೂ ನಾಲ್ಕೇ ದರ. ದೂರದ ಊರಿನ ಗಿರಣಿಯವನು ತೆರೆಯ ಮೇಲೆ ರಾಶಿಯ ಸಂಖ್ಯೆಯನ್ನು ಕಾಣಬಲ್ಲನೇ ಹೊರತು ಚೀಲದೊಳಗೆ ಕೈಹಾಕಲಾರ. ಕಾಳಿನ ತೇವ ಎಷ್ಟು, ಕಲಬೆರಕೆ ಎಷ್ಟು, ಗಾತ್ರ ಹೇಗಿದೆ, ಹುಳು ತಾಗಿದೆಯೇ ಎಂಬುದನ್ನು ನಂಬಿಕೆಗೆ ಅರ್ಹವಾದ ಪರೀಕ್ಷೆಯೊಂದು ಹೇಳಬೇಕು. ಆ ಪರೀಕ್ಷೆಯ ಮೇಜು ಪ್ರಾಂಗಣದಲ್ಲಿ ಇಲ್ಲದಿದ್ದರೆ ಅವನು ದರ ಕೂಗಲು ಹಿಂಜರಿಯುತ್ತಾನೆ. ಕೂಗಿದರೂ ಅಪಾಯವನ್ನು ಲೆಕ್ಕಹಾಕಿ ಕಡಿಮೆಯೇ ಕೂಗುತ್ತಾನೆ. ತೊಗರಿಯ ಬೆಲೆಯ ಮೇಲೆ ಆಮದಿನ ನೀತಿ, ಬೆಂಬಲ ಬೆಲೆಯ ಖರೀದಿಗಳ ಪ್ರಭಾವವೂ ಇದೆ. ಮ್ಯಾನ್ಮಾರಿನಿಂದಲೂ ಪೂರ್ವ ಆಫ್ರಿಕದಿಂದಲೂ ಬರುವ ಹಡಗಿನ ಮುಂದೆ ಪ್ರಾಂಗಣದ ಜಾಲ ಬಹಳ ಚಿಕ್ಕದು.

ಹಾಗೆಂದು ಜಾಲ ವ್ಯರ್ಥವೆನ್ನುವಂತಿಲ್ಲ. ದರ ಏರದ ಬೆಳೆಯಲ್ಲೂ ಬೇಗ ಮುಗಿಯುವ ಟೆಂಡರು, ಜಗಳವಿಲ್ಲದ ಲೆಕ್ಕ, ತನ್ನ ರಾಶಿಗೆ ಬಂದ ದರವನ್ನು ರೈತ ತಾನೇ ಓದಿಕೊಳ್ಳುವ ಅವಕಾಶ ಇವು ಸಣ್ಣ ಲಾಭಗಳಲ್ಲ. ವಸ್ತ್ರದ ಅಡಿಯ ಬೆರಳಿನ ಕಾಲದಲ್ಲಿ ಒಡೆಯನಿಗೇ ಮುಚ್ಚಿದ್ದ ಅಂಕಿ ಇಂದು ಅವನ ಅಂಗೈಯ ಮೊಬೈಲಿಗೆ ಬರುತ್ತದೆ.

1871ರಲ್ಲಿ ಹಳಿಯ ಪಕ್ಕ ಬಂದ ತಂತಿಯ ಅನುಭವವೂ, ಭೂಮಿ ಯೋಜನೆಯ ಅನುಭವವೂ, ಎಪಿಎಂಸಿಯ ಅನುಭವವೂ ಒಂದೇ ಕಡೆ ಬೊಟ್ಟು ಮಾಡುತ್ತವೆ. ಜಾಲ ಹಾಕುವುದೆಂದರೆ ಒಂದು ಪುಸ್ತಕವನ್ನು ಹಲವರ ಕಣ್ಣಿಗೆ ತೆರೆಯುವುದು. ಯಾರ ಕಣ್ಣಿಗೆ ತೆರೆಯಬೇಕೆಂಬುದನ್ನು ಜನರೇ ತೀರ್ಮಾನಿಸಬೇಕು. ಯಾದಗಿರಿ, ಶಹಾಪುರ, ಸುರಪುರಗಳ ಪೇಟೆಗೆ ಈಗ ಬೇಕಾಗಿರುವುದು ರಾಶಿಯ ಪಕ್ಕದಲ್ಲಿ ಪ್ರಾಮಾಣಿಕವಾಗಿ ನಡೆಯುವ ಪರೀಕ್ಷೆಯ ಮೇಜು, ದರ ಕೂಗುವ ಇನ್ನಷ್ಟು ಖರೀದಿದಾರರು, ಮತ್ತು ರೈತನಿಗೆ ಅರ್ಥವಾಗುವ ಕನ್ನಡದಲ್ಲಿ ತೂಕ, ದರ, ಕಡಿತ, ಉಳಿಕೆಗಳನ್ನು ಬಿಡಿಸಿ ಹೇಳುವ ಪಟ್ಟಿ. ಅಷ್ಟಾದರೆ ತೊಗರಿಯ ಚೀಲ ಹೊತ್ತು ಬಂದವನಿಗೂ ಈ ತಂತಿಯಿಂದ ತನ್ನ ಪಾಲು ಕೇಳಲು ಒಂದು ಆಧಾರ ಸಿಕ್ಕೀತು.